ಪರಂಪರೆಯ ಬಗ್ಗೆ ಕವನ–ಚಿತ್ರ ಪ್ರದರ್ಶನ: ಕವನ ಹಂಚಿ ಚಿತ್ರ ಬರೆಸಿದರೆ ಸಾಕೇ?

ನಿಮ್ಮ ಊರಿನ ಗುಡಿ, ಕಲ್ಯಾಣಿ, ವೀರಗಲ್ಲುಗಳ ಮೇಲೆ ಬಂದ ಕವನಗಳನ್ನು ಕಲಾವಿದರಿಗೆ ಹಂಚಿ, ಒಂದೊಂದಕ್ಕೆ ಒಂದೊಂದು ಚಿತ್ರ ಬರೆಸಿ ಪಕ್ಕಪಕ್ಕ ತೂಗುಹಾಕಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಇಂಥ ಪ್ರದರ್ಶನಗಳಿಗೆ ಗೋಡೆ ಜೋಡಿಸುವ ಕೆಲಸದಲ್ಲಿ ಇದ್ದವನಾಗಿ ಹೇಳುತ್ತಿದ್ದೇನೆ. ಕವನದಲ್ಲಿ ಕಲ್ಯಾಣಿಯೂ ಚಂದಿರನೂ ಇದ್ದರೆ ಚಿತ್ರದಲ್ಲೂ ಅದೇ ಕಲ್ಯಾಣಿ, ಅದೇ ಚಂದಿರ ಬಂದು ಕೂರುತ್ತವೆ. ನೋಡಲು ಬಂದವರು ಎರಡನ್ನೂ ತಾಳೆ ಹಾಕಿ, ಸರಿಯಾಗಿದೆ ಅಂದುಕೊಂಡು ಮುಂದಿನದಕ್ಕೆ ಹೋಗುತ್ತಾರೆ. ಅದರ ಬದಲು ಕವಿಯನ್ನೂ ಕಲಾವಿದರನ್ನೂ ಅದೇ ಕಲ್ಲಿನ ಮುಂದೆ ಕರೆದೊಯ್ದು ನಿಲ್ಲಿಸಿ. ಇಬ್ಬರೂ ತಮ್ಮ ಪಾಡಿಗೆ ತಾವು ನೋಡಲಿ. ಕೆಲಸ ಮುಗಿಯುವವರೆಗೆ ಒಬ್ಬರದನ್ನು ಇನ್ನೊಬ್ಬರಿಗೆ ತೋರಿಸಲೇಬೇಡಿ.

ಇದಕ್ಕೆ ನಮ್ಮಲ್ಲೇ ದೊಡ್ಡ ಮಾದರಿಯಿದೆ. ಶ್ರವಣಬೆಳಗೊಳದ ಗೊಮ್ಮಟನ ಮೂರ್ತಿ ನಿಂತದ್ದು ಸುಮಾರು 981ರಲ್ಲಿ. ಅದನ್ನು ಹೊಗಳಿ ಕವಿ ಬೊಪ್ಪಣ ಪಂಡಿತ ಬರೆದ ಪದ್ಯಗಳನ್ನು ಅದೇ ಬೆಟ್ಟದ ಮೇಲೆ ಕಲ್ಲಿನಲ್ಲಿ ಕೆತ್ತಿದ್ದು ಸುಮಾರು 1180ರಲ್ಲಿ. ನಡುವೆ 200 ವರ್ಷ. ಶಿಲ್ಪ ಎದುರಿಗೇ ಇರುವಾಗ ಅದರ ತೋಳು ಹೀಗಿದೆ, ಮೈಗೆ ಬಳ್ಳಿ ಹಬ್ಬಿದೆ ಎಂದು ಹೇಳುವುದಕ್ಕಷ್ಟೇ ಕವಿ ಯಾಕೆ ಬೇಕು? ಬೊಪ್ಪಣ ಬೇರೆಯದೇ ಮಾತು ಎತ್ತುತ್ತಾನೆ. ಮೂರ್ತಿ ಬಹಳ ಎತ್ತರವಾದರೆ ಅದರಲ್ಲಿ ಚೆಲುವು ಇರಲಾರದು. ಎತ್ತರ, ಚೆಲುವು ಎರಡೂ ಇದ್ದರೆ ಅತಿಶಯ, ಅಂದರೆ ಪವಾಡದಂಥ ಮಹಿಮೆ, ಇರಲಾರದು. ಇಲ್ಲಿ ಮೂರೂ ಕೂಡಿವೆ ಅನ್ನುತ್ತಾನೆ. ಪೌದನಪುರದಲ್ಲಿ ಗೊಮ್ಮಟನ ಅಣ್ಣ ಭರತ ಮಾಡಿಸಿದ ಮೂರ್ತಿಯನ್ನು ಕುಕ್ಕುಟಸರ್ಪಗಳು (ಕೋಳಿತಲೆಯ ಹಾವುಗಳು) ಮುತ್ತಿದವೆಂದೂ, ಅಲ್ಲಿಗೆ ಹೋಗಲಾಗದೆ ಗಂಗರ ಮಂತ್ರಿ ಚಾವುಂಡರಾಯ ಇಲ್ಲೇ ಮಾಡಿಸಿದನೆಂದೂ ಕಥೆ ಹೇಳುತ್ತಾನೆ. ಹಕ್ಕಿಗಳು ಮರೆತೂ ಇದರ ಮೇಲೆ ಹಾರುವುದಿಲ್ಲವಂತೆ. ಇದನ್ನು ಓದಿ ತಲೆಯೆತ್ತಿದವನ ಕಣ್ಣು ಮೂರ್ತಿಯ ಮೇಲಿನ ಬಯಲಿಗೆ ಹೋಗದೆ ಇರುತ್ತದೆಯೇ? 58 ಅಡಿಯ ಕಲ್ಲಿಗೆ ಆಕಾಶವನ್ನು ಸೇರಿಸಿಕೊಟ್ಟದ್ದು ಪದ್ಯ.

ಬೇಲೂರಿನದು ಇನ್ನೊಂದು ಬಗೆ. 1117ರ ಚೆನ್ನಕೇಶವ ಗುಡಿಯ ಮದನಿಕೆಯರು ಸೂರಿನ ಕೆಳಗೆ ಓರೆಯಾಗಿ ನಿಂತಿದ್ದಾರೆ. ಕತ್ತು ನೋಯುವಷ್ಟು ಮೇಲೆ ನೋಡಬೇಕು. ಡಿ.ವಿ.ಜಿ. ಅವರು ‘ಅಂತಃಪುರ ಗೀತೆ’ಯಲ್ಲಿ ಅವರನ್ನು ಕುರಿತು ಹಾಡು ಕಟ್ಟಿದರು. ಕನ್ನಡಿ ಹಿಡಿದವಳು ಅಲ್ಲಿ ಮುಕುರಮುಗ್ಧೆ. ಕೆಲವು ಹಾಡುಗಳಲ್ಲಿ ಆಕೆ ಹೇಗಿದ್ದಾಳೆಂಬ ವರ್ಣನೆಗಿಂತ, ಏನಮ್ಮಾ ನಿನ್ನ ಈ ಸಂತೋಷ ಎಂದು ಅವಳನ್ನೇ ಮಾತಾಡಿಸುವುದು ಮುಖ್ಯ. ಕಲ್ಲು ಉತ್ತರ ಕೊಡುವುದಿಲ್ಲ, ಹಾಗಾಗಿ ನಾವು ಅವಳ ಮುಖ ನೋಡುತ್ತ ನಿಲ್ಲುತ್ತೇವೆ. ನಿಮ್ಮ ಕವಿಗಳಿಗೆ ಒಂದೇ ಒಂದು ಸೂಚನೆ ಕೊಡುವುದಾದರೆ ಇದನ್ನು ಕೊಡಿ: ವರ್ಣಿಸಬೇಡಿ, ಮಾತಾಡಿಸಿ.

ಊರಿನಲ್ಲಿ ಶಾಸನವಿದ್ದರೆ ಅದರ ಪಡಿಯಚ್ಚನ್ನೇ ಒಂದು ಚಿತ್ರವಾಗಿ ತೂಗುಹಾಕಿ. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹರಡಿ, ಬ್ರಷ್‌ನಿಂದ ಬಡಿದು ಅಕ್ಷರದ ತಗ್ಗಿಗೆ ಇಳಿಸಿ, ಮೇಲೆ ಶಾಯಿ ಒತ್ತಿದಾಗ ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಕಲ್ಲಿನ ಬಿರುಕು, ಉಳಿ ಜಾರಿದ ಗೆರೆ ಎಲ್ಲವೂ ಬರುತ್ತವೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಂಥದ್ದರಲ್ಲಿ ಕಾಣುವುದೂ ಓದುವುದೂ ಒಂದೇ, ತ್ರಿಪದಿಯೇ ಅಲ್ಲಿ ಚಿತ್ರ. ಆದರೆ ಸಂರಕ್ಷಿತ ಸ್ಮಾರಕವಾದರೆ ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಶಾಸನವನ್ನು ಮುಟ್ಟಬೇಡಿ. ಹಳಗನ್ನಡ ಪದ್ಯವಾದರೆ ಕೆಳಗೆ ಹೊಸಗನ್ನಡದಲ್ಲಿ ಎರಡು ಸಾಲು ಅರ್ಥ ಕೊಡಿ, ಸಾಕು.

ಇನ್ನು ಗೋಡೆಯ ವಿಚಾರ. ಕವನವನ್ನು ಎ4 ಹಾಳೆಯಲ್ಲಿ ಮುದ್ರಿಸಿ ಚಿತ್ರದ ಮೂಲೆಗೆ ಅಂಟಿಸಿದರೆ ಅದು ಅಡಿಬರಹವಾಗಿಬಿಡುತ್ತದೆ, ಯಾರೂ ಓದುವುದಿಲ್ಲ. ಕವನಕ್ಕೂ ಚಿತ್ರದಷ್ಟೇ ಜಾಗ, ಅಷ್ಟೇ ಬೆಳಕು ಕೊಡಿ. ನಾಲ್ಕು ಹೆಜ್ಜೆ ದೂರದಿಂದ ಓದುವಂತಿರಲಿ. ದೊಡ್ಡ ಕವನವಾದರೆ ಕತ್ತರಿಸಬೇಡಿ, ಗಟ್ಟಿಯಾಗಿ ಓದಿಸಿ ಧ್ವನಿಮುದ್ರಿಸಿ ಕೇಳಿಸಿ. ಕವಿಯ ಹೆಸರು ದೊಡ್ಡದು, ಕಲಾವಿದರ ಹೆಸರು ಚಿಕ್ಕದು ಮಾಡುವ ಅಭ್ಯಾಸವೊಂದಿದೆ, ಅದು ನನಗೆ ಸಹಿಸಲಾಗದ್ದು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರನ್ನು ಕಲ್ಲಿನಲ್ಲೇ ಕೆತ್ತಿಹೋಗಿದ್ದಾರೆ. ನಿಮ್ಮೂರಿನ ಕಲಾವಿದರಿಗೂ ಆ ಗೌರವ ಸಲ್ಲಲಿ.

ಹೊಸ ಕವನಗಳ ಜೊತೆ ಹೆಸರಾಂತ ಕವಿಗಳ ಸಾಲುಗಳನ್ನೂ ಬಳಸುವ ಯೋಚನೆಯಿದ್ದರೆ ಹಕ್ಕಿನ ಬಗ್ಗೆ ಮೊದಲೇ ವಿಚಾರಿಸಿ. ನಮ್ಮ ಕಾನೂನಿನಲ್ಲಿ ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, ಅಂದರೆ ಅವರ ಕೃತಿಗಳಿಗೆ 2035ರ ಕೊನೆಯವರೆಗೂ. ಬೊಪ್ಪಣನಿಗೆ ಆ ತೊಡಕಿಲ್ಲ. ಅನುಮತಿ ಪತ್ರ ಬರಲು ತಡವಾಗುತ್ತದೆ, ಆದ್ದರಿಂದ ಆಹ್ವಾನ ಪತ್ರಿಕೆ ಅಚ್ಚಿಗೆ ಕೊಡುವ ಮುಂಚೆಯೇ ಬರೆದು ಕಳಿಸಿಬಿಡಿ.