ಬಿಸಿಲಿದ್ದರೂ ಕರೆಂಟ್ ಹೋದಾಗ ಸೋಲಾರ್ ಯಾಕೆ ನಿಲ್ಲುತ್ತದೆ?

ಮಟಮಟ ಮಧ್ಯಾಹ್ನವೂ ಕರೆಂಟ್ ಹೋದ ಕೂಡಲೇ ಸೋಲಾರ್ ಆಫ್ ಆಗುತ್ತದೆ, ಪ್ಯಾನೆಲ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ, ಗಾಬರಿ ಬೇಡ. ನಿಮ್ಮದು ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಇನ್ವರ್ಟರ್ (ಹೊರಗಿನ ಕರೆಂಟ್ ಲೈನ್‌ಗೆ ಜೋಡಿಸಿದ್ದು) ಅಂದಿದ್ದೀರಲ್ವಾ, ಅದು ಹಾಗೇ ನಿಲ್ಲಬೇಕು. ಹೊರಗಿನ ಲೈನ್ ಬಂದ್ ಆಗಿರುವಾಗ ನಿಮ್ಮ ಮನೆಯ ಕರೆಂಟ್ ಆ ತಂತಿಗೆ ಹರಿದರೆ, ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮನ್ ಜೀವಕ್ಕೇ ಅಪಾಯ. ಅದಕ್ಕೇ ಇನ್ವರ್ಟರ್ ಒಂದೆರಡು ಸೆಕೆಂಡಿನಲ್ಲೇ ತಾನಾಗಿ ನಿಲ್ಲುತ್ತದೆ. ಇದನ್ನು ಬೈಪಾಸ್ ಮಾಡಿಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಕರೆಂಟ್ ಹೋದಾಗಲೂ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್ (ಲೈನ್ ಜೊತೆಗೆ ಬ್ಯಾಟರಿಯಿಂದಲೂ ನಡೆಯುವಂಥದ್ದು), ಬ್ಯಾಟರಿ ಹಾಕಿಸಿ. ಹೆಚ್ಚಾಗಿ ಈಗಿರುವ ಪ್ಯಾನೆಲ್‌ಗಳೇ ಸಾಕಾಗುತ್ತವೆ. ಲೈಟು, ಫ್ಯಾನು, ಫ್ರಿಜ್ಜಿಗೆ ಮಾತ್ರ ಬೇರೆ ವೈರಿಂಗ್ ಮಾಡಿಸಿ. ಗೀಸರ್ ಸೇರಿಸಬೇಡಿ, ಅದೊಂದೇ 2000 ವ್ಯಾಟ್ ಎಳೆದು ಬ್ಯಾಟರಿಯನ್ನು ಬೇಗ ಖಾಲಿ ಮಾಡುತ್ತದೆ.