ಪತ್ರಿಕಾ ದಿನದ ಬ್ಯಾನರ್‌ಗೆ ಕಿಟೆಲ್ಲೋ ಮೋಗ್ಲಿಂಗೋ?

ಇಬ್ಬರೂ ಜರ್ಮನ್ನರು, ಇಬ್ಬರೂ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆಯವರು, ಇಬ್ಬರೂ ಮಂಗಳೂರಲ್ಲಿದ್ದವರು. ನಿಮ್ಮ ಕೋಲಾರದ ಶಾಲೆಯ ಬ್ಯಾನರ್‌ನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ದ ಸಂಪಾದಕ ಕಿಟೆಲ್ ಅಂತ ಬಂದಿರುವುದು ಬಹುಶಃ ಅದಕ್ಕೇ. ಆ ಪತ್ರಿಕೆ ಶುರುವಾಗಿದ್ದು 1843ರ ಜುಲೈ 1ಕ್ಕೆ, ಕಿಟೆಲ್ ಹುಟ್ಟಿದ್ದು 1832ರಲ್ಲಿ. ಹನ್ನೊಂದು ವರ್ಷದ ಹುಡುಗ ಪತ್ರಿಕೆ ನಡೆಸುವುದು ಹೇಗೆ, ಅಲ್ವಾ?

ಮೊದಲು ಹೆಸರನ್ನು ಹರ್ಮನ್ ಮೋಗ್ಲಿಂಗ್ ಅಂತ ತಿದ್ದಿಸಿ. ಆಮೇಲೆ ಫೋಟೊ ನೋಡಿ, ಹೆಸರು ತಪ್ಪಿದ ಮೇಲೆ ಅದೂ ಕಿಟೆಲ್ಲರದ್ದೇ ಇರಬಹುದು, ಬ್ಯಾನರ್ ನೋಡದೆ ಗಟ್ಟಿಯಾಗಿ ಹೇಳಲಾರೆ. ಕಿಟೆಲ್ ಬೇಕೇ ಬೇಕು ಅಂದ್ರೆ ಕೆಳಗೆ ಬೇರೆಯಾಗಿ ಹಾಕಿ, 1894ರ ಕನ್ನಡ-ಇಂಗ್ಲಿಷ್ ನಿಘಂಟು ಅವರದ್ದು. ಜಾಗ ಮಿಕ್ಕರೆ ನಮ್ಮ ಮುಳಬಾಗಿಲಿನ ಡಿವಿಜಿ ಇರಲಿ, ಅವರೂ ಪತ್ರಕರ್ತರೇ. ಪ್ರಿಂಟಿಗೆ ಕೊಡುವ ಮುಂಚೆ ಇಸವಿ ಇನ್ನೊಮ್ಮೆ ಓದಿ.