ಆಫ್ರಿಕಾದ ವಸಾಹತು ಕಾಲದ ನಾಣ್ಯ ಸಂಗ್ರಹ ಎಲ್ಲಿಂದ ಶುರು ಮಾಡಲಿ?

ನನ್ನನ್ನು ಕೇಳಿದರೆ, ಬ್ರಿಟಿಷರ ಕೈಯಲ್ಲಿದ್ದ ಪೂರ್ವ ಆಫ್ರಿಕಾದ (ಇಂದಿನ ಕೀನ್ಯಾ, ಉಗಾಂಡಾ ಕಡೆ) 1936ರ ಹತ್ತು ಸೆಂಟ್‌ನಿಂದ. ನಡುವೆ ತೂತು, ಒಂದು ಬದಿಯಲ್ಲಿ ಅದರ ಸುತ್ತ ಬಾಗಿದ ಆನೆದಂತಗಳು. ಇನ್ನೊಂದು ಬದಿಯಲ್ಲಿ ಎಂಟನೇ ಎಡ್ವರ್ಡ್‌ ಹೆಸರು, ಜೊತೆಗೆ ‘ಭಾರತದ ಚಕ್ರವರ್ತಿ’ ಎಂಬ ಬಿರುದು ಲ್ಯಾಟಿನ್‌ನಲ್ಲಿ. ಆತ ಅದೇ ಡಿಸೆಂಬರಿನಲ್ಲಿ ಪಟ್ಟ ಬಿಟ್ಟ. ಬ್ರಿಟನ್ನಿನಲ್ಲಿ ಅವನ ಮುಖದ ನಾಣ್ಯ ಚಲಾವಣೆಗೇ ಬರಲಿಲ್ಲ. ತೂತಿನ ನಾಣ್ಯಕ್ಕೆ ಮುಖ ಬೇಕಿರಲಿಲ್ಲವಲ್ಲ, ಹೆಸರು ಉಳಿದುಕೊಂಡಿತು!

ಭೂತಗನ್ನಡಿ ಹಿಡಿದು ಟಂಕಸಾಲೆಯ ಗುರುತು ಹುಡುಕಿ: ‘ಎಚ್’ ಇದ್ದರೆ ಬರ್ಮಿಂಗ್‌ಹ್ಯಾಮ್‌ನ ಹೀಟನ್, ‘ಕೆಎನ್’ ಇದ್ದರೆ ಕಿಂಗ್ಸ್ ನಾರ್ಟನ್. ಪೂರ್ವ ಆಫ್ರಿಕಾದಲ್ಲಿ 1920ರವರೆಗೆ ನಮ್ಮ ರೂಪಾಯಿಯೇ ಓಡುತ್ತಿತ್ತು, ಅದನ್ನೂ ಒಂದು ಪಕ್ಕದಲ್ಲಿಡಿ.

ದೇವರ ಪಾತ್ರೆ ಬೆಳಗುವ ಹಾಗೆ ಹುಣಸೆಹಣ್ಣು ಹಾಕಿ ಮಾತ್ರ ಉಜ್ಜಬೇಡಿ. ಕಂಚಿನ ಹಳೇ ಬಣ್ಣ ಹೋದರೆ ಬೆಲೆಯೂ ಹೋಯಿತು.